ಹಾಸು ಹಾಕುವಾಗಲೇ ಕೊಂಡಿ

ಬಾಗಲಕೋಟೆಯ ಹೋಳಿ ಐದು ಪೇಟೆಗಳ ಹಬ್ಬ: ಕಿಲ್ಲಾ, ಹೊಸಪೇಟೆ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ. ಹಲಗೆ ಬಡಿಯುತ್ತ ಬಣ್ಣದ ಬಂಡಿಗಳು ಹೊರಡುವ ಸರದಿ ಈ ಪೇಟೆಗಳ ಲೆಕ್ಕದಲ್ಲೇ ನಡೆಯುತ್ತದೆ. ಅದೇ ಊರಿನವರನ್ನು ಮನೆ ಎಲ್ಲಿ ಎಂದು ಕೇಳಿದರೆ ಮಾತ್ರ ಬಹಳ ಮಂದಿ ಸೆಕ್ಟರ್ ನಂಬರು ಹೇಳುತ್ತಾರೆ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಊರಿಗೆ ಏರಿ ಬಂದಾಗ ಜನ ನವನಗರಕ್ಕೆ ಹೋದರು. ಓಣಿ ಹೋಗಿ ಸೆಕ್ಟರ್ ಬಂತು. ಹಬ್ಬದ ದಿನ ಮಾತ್ರ ಎಲ್ಲರೂ ಮತ್ತೆ ತಮ್ಮ ಪೇಟೆಯವರಾಗುತ್ತಾರೆ.

ಈ ಊರು ನೀರಿಗೆ ಜಾಗ ಬಿಟ್ಟಿದ್ದರಿಂದ ನಾಡಿಗೆ ಆದ ಲಾಭ ಸಣ್ಣದಲ್ಲ. ಆಲಮಟ್ಟಿಯೂ ಸೇರಿದ ಕೃಷ್ಣಾ ಮೇಲ್ದಂಡೆ ಯೋಜನೆಯ ಮೊದಲ ಎರಡು ಹಂತಗಳು 6.22 ಲಕ್ಷ ಹೆಕ್ಟೇರ್ ನೆಲಕ್ಕೆ ನೀರಿನ ಗುರಿ ಇಟ್ಟುಕೊಂಡವು. ಆಲಮಟ್ಟಿಯ ವಿದ್ಯುತ್ ಸ್ಥಾವರದ ಸಾಮರ್ಥ್ಯ 290 ಮೆಗಾವಾಟ್. ಶಹಾಪುರ, ಸುರಪುರ, ದೇವದುರ್ಗದ ಕಡೆ ಬತ್ತ ತೂಗಾಡಿತು. ಮುಳುಗಿದ್ದು ಒಂದು ಕಡೆ, ಬೆಳೆದದ್ದು ಇನ್ನೊಂದು ಕಡೆ. ಮಾನವ ಹಕ್ಕಿಗೂ ಒಂದು ದೇಶದ ಸಿರಿಗೂ ಏನು ಸಂಬಂಧ ಎಂದು ಅರ್ಥಶಾಸ್ತ್ರಜ್ಞರು ಎಪ್ಪತ್ತು ವರ್ಷಗಳಿಂದ ವಾದಿಸುತ್ತ ಬಂದಿದ್ದಾರೆ. ಆ ವಾದವನ್ನು ಪರೀಕ್ಷಿಸಲು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನಷ್ಟು ಒಳ್ಳೆಯ ಜಾಗ ಅಪರೂಪ.

ವಾದದ ಒಂದು ಬದಿ ನಮಗೆಲ್ಲ ಪರಿಚಿತ. ಮೊದಲು ಹೊಟ್ಟೆ ತುಂಬಲಿ, ಹಕ್ಕಿನ ಮಾತು ಆಮೇಲೆ. ಸಿಂಗಪುರದ ಲೀ ಕ್ವಾನ್ ಯೂ ಹೆಸರಿನಲ್ಲೇ ಈ ವಾದಕ್ಕೆ ಪ್ರಸಿದ್ಧಿ ಬಂದಿದೆ. ಪಾರ್ಕ್ ಚುಂಗ್ ಹೀ ಕಾಲದ ದಕ್ಷಿಣ ಕೊರಿಯಾ, 1978ರ ನಂತರದ ಚೀನಾ ಇದಕ್ಕೆ ಸಾಕ್ಷಿ ಎನ್ನುತ್ತಾರೆ. ಇನ್ನೊಂದು ಬದಿಯಲ್ಲಿ ಅಮರ್ತ್ಯ ಸೇನ್ ನಿಂತಿದ್ದಾರೆ. 1999ರ ತಮ್ಮ ಪುಸ್ತಕದಲ್ಲಿ ಅವರು ಸ್ವಾತಂತ್ರ್ಯವೇ ಅಭಿವೃದ್ಧಿಯ ಗುರಿ, ಅದೇ ಅದರ ದಾರಿ ಎಂದು ವಾದಿಸಿದರು. ಚುನಾವಣೆಯೂ ಸ್ವತಂತ್ರ ಪತ್ರಿಕೆಯೂ ಇರುವ ದೇಶದಲ್ಲಿ ದೊಡ್ಡ ಕ್ಷಾಮ ಬೀಳುವುದಿಲ್ಲ ಎಂಬುದು ಅವರ ಹೆಸರಾಂತ ಮಾತು. ಅಂಕಿಸಂಖ್ಯೆಯವರೂ ಸುಮ್ಮನಿರಲಿಲ್ಲ. 1996ರಲ್ಲಿ ರಾಬರ್ಟ್ ಬ್ಯಾರೊ ಹಲವು ದೇಶಗಳನ್ನು ಹೋಲಿಸಿ ಪ್ರಜಾಪ್ರಭುತ್ವದಿಂದ ಬೆಳವಣಿಗೆಗೆ ಹೆಚ್ಚೇನೂ ನೆರವಿಲ್ಲ ಎಂದರು. 2019ರಲ್ಲಿ ಡಾರೊನ್ ಅಸೆಮೊಗ್ಲು ಮತ್ತು ಸಂಗಡಿಗರು ಅದನ್ನು ಅಲ್ಲಗಳೆದರು: ಪ್ರಜಾಪ್ರಭುತ್ವಕ್ಕೆ ಹೊರಳಿದ ದೇಶದ ತಲಾ ಆದಾಯ 25 ವರ್ಷಗಳಲ್ಲಿ, ಹೊರಳದೆ ಇದ್ದಿದ್ದರೆ ಇರುತ್ತಿದ್ದುದಕ್ಕಿಂತ ಸುಮಾರು ಶೇ 20ರಷ್ಟು ಹೆಚ್ಚಾಗುತ್ತದೆ ಎಂದು ಅವರ ಲೆಕ್ಕ. ಅಸೆಮೊಗ್ಲು, ಸೈಮನ್ ಜಾನ್ಸನ್, ಜೇಮ್ಸ್ ರಾಬಿನ್ಸನ್ ಮೂವರಿಗೂ 2024ರ ಅರ್ಥಶಾಸ್ತ್ರದ ನೊಬೆಲ್ ಬಂತು.

ಈ ಲೆಕ್ಕಗಳನ್ನು ನಾನು ಗೌರವದಿಂದಲೇ ಓದುತ್ತೇನೆ. ಆದರೆ ಸರಾಸರಿ ಎಂಬುದು ಯಾರ ಮನೆಯಲ್ಲೂ ವಾಸ ಮಾಡುವುದಿಲ್ಲ. ದೇಶದ ಆದಾಯ ಎಷ್ಟು ಏರಿತು ಎಂದು ಹೇಳುವ ಅಂಕಿ, ಆ ಏರಿಕೆಯ ಬೆಲೆ ಯಾರು ತೆತ್ತರು, ತೆರುವಾಗ ಅವರನ್ನು ಯಾರಾದರೂ ಕೇಳಿದರೇ ಎಂಬುದನ್ನು ಹೇಳುವುದಿಲ್ಲ. ಅದನ್ನು ತಿಳಿಯಲು ಒಂದು ಸೀಮೆಯಲ್ಲಿ ಕೂತು ನೋಡಬೇಕು.

ಹಳೆಯದರಿಂದಲೇ ಶುರು ಮಾಡೋಣ. ಮಲಪ್ರಭೆಯ ದಂಡೆಯ ಐಹೊಳೆಯನ್ನು ಇಂದು ಗುಡಿಗಳ ಊರೆಂದು ನೋಡುತ್ತೇವೆ. ಅದು ವ್ಯಾಪಾರಿಗಳ ಊರೂ ಆಗಿತ್ತು. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕ ಸಂಘದ ಹೆಸರು ಇಲ್ಲಿಯದೇ. ಸುಮಾತ್ರಾ ದ್ವೀಪದಲ್ಲಿ ಸಿಕ್ಕ 1088ರ ತಮಿಳು ಶಾಸನವೊಂದರಲ್ಲಿ ಆ ಐನೂರ್ವರ ಹೆಸರಿದೆ. ಸಮುದ್ರ ದಾಟಿದ ಈ ವ್ಯಾಪಾರಕ್ಕೆ ಬಂಡವಾಳವಷ್ಟೇ ಆಧಾರವಾಗಿರಲಿಲ್ಲ. ಅವರಿಗೆ ಬಣಂಜು ಧರ್ಮವೆಂಬ ತಮ್ಮದೇ ಕಟ್ಟಳೆ ಇತ್ತು, ಅದನ್ನು ಅರಸರು ಮನ್ನಿಸುತ್ತಿದ್ದರು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಸುಮಾರು 725ರಲ್ಲಿ ಪುಲಿಗೆರೆಗೆ, ಅಂದರೆ ಇಂದಿನ ಲಕ್ಷ್ಮೇಶ್ವರಕ್ಕೆ ಕೊಟ್ಟ ಶಾಸನವಂತೂ ಈ ವಿಷಯದಲ್ಲಿ ಕಣ್ತೆರೆಸುವಂಥದು. ಊರ ಮಹಾಜನರು, ವರ್ತಕರು, ಹದಿನೆಂಟು ಪ್ರಕೃತಿಗಳೆಂಬ ಕಸುಬಿನ ಪಂಗಡಗಳಿಗೂ ಅರಸನ ಅಧಿಕಾರಿಗಳಿಗೂ ನಡುವೆ ಯಾರ ಹಕ್ಕೇನು, ಯಾರ ಕರ್ತವ್ಯವೇನು ಎಂದು ಅದು ಬರೆದಿಡುತ್ತದೆ. ಮನೆಗಳ ಶಕ್ತಿ ನೋಡಿ ತೆರಿಗೆ ವಿಂಗಡಿಸುತ್ತದೆ. ಅಧಿಕಾರಿ ಬಂದು ಎಷ್ಟು ಕೇಳಬಹುದು ಎಂಬುದು ಕಲ್ಲಿನಲ್ಲಿ ಕೆತ್ತಿದ್ದರೆ ಅಂಗಡಿ ಇಡುವವನಿಗೆ ಧೈರ್ಯ ಬರುತ್ತದೆ. ಅಸೆಮೊಗ್ಲು ಪುಸ್ತಕಗಳು ನೂರಾರು ಪುಟಗಳಲ್ಲಿ ಹೇಳುವ ಮಾತಿನ ತಿರುಳು ಇದೇ.

ಈ ಹಕ್ಕು ಎಲ್ಲರದ್ದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಊರ ಹೊರಗೆ ಇಟ್ಟವರ ಹೆಸರು ಇಂಥ ಶಾಸನಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಆ ಕೊರತೆಗೆ ಉತ್ತರ ಹುಟ್ಟಿದ್ದು ಹನ್ನೆರಡನೆಯ ಶತಮಾನದಲ್ಲಿ. ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಕಲಿತ ಬಸವಣ್ಣ ಕಲ್ಯಾಣಕ್ಕೆ ಹೋಗಿ ಸಮಗಾರ, ಮಡಿವಾಳ, ಅಂಬಿಗ, ಹಗ್ಗ ಹೊಸೆಯುವವರ ಕೆಲಸವನ್ನೆಲ್ಲ ಕಾಯಕವೆಂಬ ಒಂದೇ ಮಾತಿನ ಕೆಳಗೆ ತಂದರು. ದುಡಿಮೆಗೆ ಮರ್ಯಾದೆ ಎಂಬುದು ನೀತಿಯ ಮಾತು ಹೇಗೋ ಹಾಗೆ ಆರ್ಥಿಕತೆಯ ಮಾತೂ ಹೌದು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಕಲ್ಯಾಣ ಹೊತ್ತಿ ಉರಿಯಿತು. ಕೆಲಸದಲ್ಲಿ ಸಮ ಎಂದದ್ದನ್ನು ಸಹಿಸಿದವರು ಮನೆಯಲ್ಲಿ ಸಮ ಎಂದದ್ದನ್ನು ಸಹಿಸಲಿಲ್ಲ. ಇಂದು ಕೂಡಲಸಂಗಮದಲ್ಲಿ ಬಸವಣ್ಣನ ಐಕ್ಯಲಿಂಗದ ಸುತ್ತ ಹಿನ್ನೀರು ನಿಂತಿದೆ. ಯಾತ್ರಿಕರು ಕಟ್ಟಿದ ಗೋಪುರದೊಳಗೆ ಮೆಟ್ಟಿಲಿಳಿದು ದರ್ಶನ ಮಾಡುತ್ತಾರೆ.

ಬರದ ಮಾತಿಗೆ ಬರುತ್ತೇನೆ, ಏಕೆಂದರೆ ಅಣೆಕಟ್ಟು ಏಕೆ ಬೇಕಾಯಿತು ಎಂಬುದು ಬರ ತಿಳಿಯದೆ ತಿಳಿಯದು. ಈ ಸೀಮೆ ಬ್ರಿಟಿಷರ ಕಾಲದಲ್ಲಿ ಕಲಾದಗಿ ಜಿಲ್ಲೆಗೆ ಸೇರಿತ್ತು. ಜಿಲ್ಲಾ ಕೇಂದ್ರ ವಿಜಯಪುರಕ್ಕೆ ಹೋದದ್ದು 1885ರಲ್ಲಿ. 1791-92ರ ಡೋಗಿ ಬರದ ನೆನಪು, ಹೂಳುವವರಿಲ್ಲದೆ ಬಿದ್ದ ತಲೆಬುರುಡೆಗಳ ನೆನಪು ಇಲ್ಲಿ ತಲೆಮಾರುಗಳ ತನಕ ಉಳಿದಿತ್ತು. 1876-78ರ ಬರ ಅಂಥದೇ. 1872ರಲ್ಲಿ ಎಂಟು ಲಕ್ಷ ದಾಟಿದ್ದ ಜಿಲ್ಲೆಯ ಜನಸಂಖ್ಯೆ 1881ರ ಎಣಿಕೆಯಲ್ಲಿ 6.4 ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಅದೇ ವರ್ಷಗಳಲ್ಲಿ ಭಾರತದ ಧಾನ್ಯ ಹಡಗು ಹತ್ತುತ್ತಿತ್ತು. ಪರಿಹಾರ ಕಾಮಗಾರಿಯ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಒಂದಿಷ್ಟು ಪುಡಿಗಾಸು ಸಾಕು ಎಂದು ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ನಿಗದಿ ಮಾಡಿದ. ಅಂದರೆ ಧಾನ್ಯ ಅರ್ಧ ಕಿಲೋಗೂ ಕಡಿಮೆ, ಅದೂ ದಿನವಿಡೀ ಕಲ್ಲು ಒಡೆಯುವವನಿಗೆ. ಮುಂಬೈ ಪ್ರಾಂತದ ಕೂಲಿಗಳು ಕೆಲಸ ಬಿಟ್ಟು ಎದ್ದರು, ಪುಣೆಯ ಸಾರ್ವಜನಿಕ ಸಭೆ ಅವರ ಪರ ನಿಂತಿತು. ಹಸಿದವರು ಭಿಕ್ಷೆ ಕೇಳದೆ ಹಕ್ಕು ಕೇಳಿದ ಆ ಗಳಿಗೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. 1972ರ ಬರದಲ್ಲಿ ಮಳೆ ಹೀಗೆಯೇ ಕೈಕೊಟ್ಟರೂ ಆ ಪ್ರಮಾಣದ ಸಾವು ಆಗಲಿಲ್ಲ. ಮತ ಕೇಳಲು ಬರುವವರು ಇದ್ದರು, ಬರೆಯುವ ಪತ್ರಿಕೆ ಇತ್ತು. ಮಹಾರಾಷ್ಟ್ರದ ಉದ್ಯೋಗ ಖಾತರಿ ಆ ಬರದಲ್ಲೇ ಬೇರುಬಿಟ್ಟಿತು. 2005ರ ರಾಷ್ಟ್ರೀಯ ಉದ್ಯೋಗ ಖಾತರಿ ಕಾಯ್ದೆಗೆ ಅದೇ ಮೇಲ್ಪಂಕ್ತಿಯಾಯಿತು. ಸೇನ್ ಮಾತಿಗೆ ನಮ್ಮ ನೆಲದಲ್ಲೇ ಪುರಾವೆ ಇದೆ.

ಇಂಥ ಸೀಮೆಗೆ ನೀರು ತರುವುದು ಪುಣ್ಯದ ಕೆಲಸ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಗೆ ಅಡಿಗಲ್ಲು ಇಟ್ಟರು, ನೆಹರೂ ತೀರಿಕೊಳ್ಳುವ ಐದು ದಿನ ಮುಂಚೆ. ಎ.ಪಿ.ಜೆ. ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸಿದ್ದು 2006ರಲ್ಲಿ. ನಡುವೆ 42 ವರ್ಷ. ನೂರಕ್ಕೂ ಹೆಚ್ಚು ಹಳ್ಳಿಗಳು ಎದ್ದುಹೋದವು. ಈ ಸೀಮೆಯಲ್ಲಿ ಮುಳುಗಡೆ ಎಂಬ ಒಂದು ಶಬ್ದ ಊರಿಗೂ ಹೊಲಕ್ಕೂ ಮನುಷ್ಯನಿಗೂ ವಿಶೇಷಣವಾಗಿದೆ: ಮುಳುಗಡೆ ಊರು, ಮುಳುಗಡೆ ಹೊಲ, ಮುಳುಗಡೆ ಮಂದಿ.

ಪರಿಹಾರ ಹೇಗೆ ನಡೆಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗ ಇದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಸುತ್ತಲಿನ ನೋಂದಾಯಿತ ಖರೀದಿ ಪತ್ರ ನೋಡಿ ಬೆಲೆ ಕಟ್ಟುತ್ತಿದ್ದರು. ಮುದ್ರಾಂಕದ ಖರ್ಚಿಗೆ ಹೆದರಿ ಜನ ಪತ್ರದಲ್ಲಿ ಕಡಿಮೆ ಬೆಲೆ ಬರೆಸುವುದು ರೂಢಿ. ಹಾಗಾಗಿ ಎರೆಹೊಲದ ಬೆಲೆ ಕಾಗದದ ಮೇಲೆ ಮೊದಲೇ ಸೊರಗಿತ್ತು. ಅದರ ಮೇಲೆ ಶೇ 30ರ ಸಾಂತ್ವನ ಧನ. ಒಪ್ಪದವರು ಕೋರ್ಟಿಗೆ ಹೋಗಬಹುದಿತ್ತು, ಹೋದವರಿಗೆ ಹೆಚ್ಚು ಸಿಕ್ಕಿತು. ಹೋಗಲಾಗದವರು ನೆರೆಯವರಿಗೆ ಬಂದ ತೀರ್ಪಿನ ಮೂರು ತಿಂಗಳೊಳಗೆ ಅರ್ಜಿ ಹಾಕಿ ಅಷ್ಟೇ ದರ ಕೇಳುವ ಅವಕಾಶ 1984ರ ತಿದ್ದುಪಡಿಯಲ್ಲಿ ಬಂತು. ಆದರೆ ಆ ತೀರ್ಪು ಬಂದದ್ದು ತಿಳಿಯಬೇಕಲ್ಲ? ಓದು ಬಲ್ಲ, ವಕೀಲರ ಪರಿಚಯವಿದ್ದ ಮನೆಗೆ ಒಂದು ಬೆಲೆ, ಇಲ್ಲದ ಮನೆಗೆ ಅದೇ ಮಣ್ಣಿಗೆ ಇನ್ನೊಂದು ಬೆಲೆ. 2011ರ ಜನಗಣತಿಯಲ್ಲೂ ಬಾಗಲಕೋಟೆ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ 58ರ ಆಸುಪಾಸಿನಲ್ಲಿತ್ತು, ಗಂಡಸರದು ಶೇ 79. ಪಹಣಿಯಲ್ಲಿ ಹೆಸರು ಯಾರದೋ ಚೆಕ್ಕೂ ಅವರದೇ. ಗೇಣಿ ಮಾಡಿದವನಿಗೆ, ಕಳೆ ತೆಗೆದವಳಿಗೆ, ಊರಿನ ಆಯಗಾರನಿಗೆ ಬೆಲೆ ಕಟ್ಟುವ ಕಲಂ ಆ ಕಾಯ್ದೆಯಲ್ಲಿ ಇರಲಿಲ್ಲ. ಪುನರ್ವಸತಿ ಸರಿಯಾಗಿ ನಡೆಯುತ್ತಿಲ್ಲವೆಂದು ವಿಶ್ವ ಬ್ಯಾಂಕ್ 1990ರ ದಶಕದಲ್ಲಿ ಸಾಲದ ಹಣ ತಡೆಹಿಡಿಯಬೇಕಾಯಿತು. ಸಾಲ ಕೊಟ್ಟವರ ಒತ್ತಾಯಕ್ಕೆ ಮಣಿದ ಆಡಳಿತ, ಊರಿನವರ ಮಾತಿಗೆ ಅದಕ್ಕೂ ಮುಂಚೆ ಕಿವಿಗೊಡಬಹುದಿತ್ತು.

ಹಕ್ಕನ್ನು ಆಮೇಲೆ ನೋಡೋಣ ಎನ್ನುವವರು ಅದರಿಂದ ಹಣವಾದರೂ ಉಳಿಯುತ್ತದೆ ಎಂದುಕೊಂಡಿರುತ್ತಾರೆ. ಉಳಿಯುವುದಿಲ್ಲ. ಅಣೆಕಟ್ಟೆಯ ನೀರನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮೂರನೇ ಹಂತಕ್ಕೆ 2010ರಲ್ಲಿ ಕೃಷ್ಣಾ ನೀರು ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಒಪ್ಪಿತು. ಯೋಜನೆಗೆ 2012ರಲ್ಲಿ ಕಟ್ಟಿದ ಅಂದಾಜು 17,207 ಕೋಟಿ ರೂಪಾಯಿ. 2014-15ರ ದರದಲ್ಲಿ ಅದು 51,148 ಕೋಟಿ ಆಯಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಮುಳುಗಡೆಯ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ಎಂದು ದರ ಗೊತ್ತುಮಾಡಿದಾಗ ಭೂಸ್ವಾಧೀನದ ಹೊರೆಯೇ ಸುಮಾರು 70,000 ಕೋಟಿ ಎಂದು ಸರ್ಕಾರ ಹೇಳಿತು. ಅಂತರರಾಜ್ಯ ವ್ಯಾಜ್ಯ, ಸುಪ್ರೀಂ ಕೋರ್ಟಿನ ತಡೆ, ಗೆಜೆಟ್ ಆಗದ ತೀರ್ಪು, ಇವೆಲ್ಲ ತಡಕ್ಕೆ ಕಾರಣ ಹೌದು. ದರ ಒಪ್ಪದೆ ಕೋರ್ಟು ಹತ್ತಿದ ಸಾವಿರಾರು ಪ್ರಕರಣಗಳೂ ಕಾರಣವೇ. ಮೊದಲೇ ನ್ಯಾಯವಾದ ಬೆಲೆ ಕೊಟ್ಟು ಒಪ್ಪಿಗೆ ಪಡೆದಿದ್ದರೆ ಈ ಮೊತ್ತದ ಎಷ್ಟೋ ಪಾಲು ಉಳಿಯುತ್ತಿತ್ತು ಎಂಬುದು ನನ್ನ ದೃಢ ಅಭಿಪ್ರಾಯ. ಹಣದ ಲೆಕ್ಕಕ್ಕೆ ಬಾರದ ನಷ್ಟವೂ ಇದೆ. ಇಂದೋ ನಾಳೆಯೋ ಮುಳುಗುವ ಊರಿನಲ್ಲಿ ಯಾರು ಬಾವಿ ತೋಡಿಸುತ್ತಾರೆ? ಯಾರು ಮಾಳಿಗೆ ದುರಸ್ತಿ ಮಾಡಿಸುತ್ತಾರೆ? ನೀರು ಬರುವ ಮುಂಚೆಯೇ ಊರು ಬಡವಾಗುತ್ತದೆ.

ಕೇಳದೆ ಮಾಡಿದ್ದಕ್ಕೆ ಬಾದಾಮಿಯ ಮಗ್ಗುಲಲ್ಲೇ ಇನ್ನೊಂದು ಪಾಠವಿತ್ತು. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಹೊಲ ಮುಟ್ಟುವ ಮುಂಚೆಯೇ ರೈತರ ಮೇಲೆ ಅಭಿವೃದ್ಧಿ ಕರ ಬಿತ್ತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಎದ್ದರು, ಗುಂಡು ಹಾರಿತು, ಜೀವಗಳು ಹೋದವು. ಆ ವರ್ಷವೇ ರಾಜ್ಯ ರೈತ ಸಂಘ ಹುಟ್ಟಿತು. 1983ರ ಚುನಾವಣೆಯಲ್ಲಿ ಮುಖ್ಯಮಂತ್ರಿ ಗುಂಡೂರಾವ್ ಸರ್ಕಾರ ಉಳಿಯಲಿಲ್ಲ.

ಇಳಕಲ್ಲಿಗೆ ಬಂದರೆ ಪ್ರಶ್ನೆಯ ಮುಖವೇ ಬೇರೆ. ಇಲ್ಲಿ ಸರ್ಕಾರ ಏನನ್ನೂ ಕಸಿದುಕೊಂಡಿಲ್ಲ. ಹಾಗಿದ್ದೂ ನೇಕಾರರ ಕೈ ಖಾಲಿ. ಹತ್ತಿಯ ಒಡಲು, ರೇಷ್ಮೆಯ ಕೆಂಪು ಸೆರಗು, ತೆನೆಯ ಬಿಳಿ ಗೀಟು, ಗೋಮಿ, ಚಿಕ್ಕಿ ಪರಾಸ ದಡಿ: ಈ ಸೀರೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ 2007ರಲ್ಲೇ ಸಿಕ್ಕಿತು. ಹೆಸರಿಗೆ ಕಾನೂನಿನ ರಕ್ಷಣೆ ಬಂತು, ಮಜೂರಿಗೆ ಬರಲಿಲ್ಲ. ನೂಲು ಮಾಲಕರದು, ಮಗ್ಗ ನೇಕಾರನದು, ಸೀರೆಗೆ ಇಷ್ಟು ಎಂದು ಕೂಲಿ. ಮದುವೆಗೋ ಆಸ್ಪತ್ರೆಗೋ ತೆಗೆದ ಮುಂಗಡ ಬಾಕಿ ಇರುವ ತನಕ ಬೇರೆ ಮಾಲಕರ ಬಳಿ ಹೋಗುವುದು ಕಷ್ಟ. ಜೀತ ಪದ್ಧತಿ ಕಾನೂನಿನಲ್ಲಿ ಹೋದದ್ದು 1976ರಲ್ಲಿ. 1982ರ ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೊಟ್ಟೆಪಾಡಿಗಾಗಿ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಬಲವಂತದ ದುಡಿಮೆಯೇ ಎಂದು ಹೇಳಿತು. ಆ ತೀರ್ಪನ್ನು ಕುಣಿಮಗ್ಗದ ಮುಂದೆ ಕೂತು ಓದಬೇಕು. 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದ ನೇಕಾರ ಕುಟುಂಬಗಳಲ್ಲಿ ಮೂರಕ್ಕೆ ಎರಡರಷ್ಟು ಮನೆಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ನೂಲು ಬಿಡಿಸುವವಳು, ಕಂಡಿಕೆ ಸುತ್ತುವವಳು ಮನೆಯ ಹೆಂಗಸು. ಅವಳ ದುಡಿಮೆ ಸೀರೆಯ ಕೂಲಿಯೊಳಗೇ ಕರಗಿಹೋಗುತ್ತದೆ, ಬೇರೆ ಲೆಕ್ಕವಿಲ್ಲ. 1985ರ ಕಾಯ್ದೆ ಕೆಲವು ಬಗೆಯ ಸೀರೆಗಳನ್ನು ಕೈಮಗ್ಗಕ್ಕೆಂದೇ ಮೀಸಲಿಟ್ಟಿದ್ದರೂ ಪವರ್‌ಲೂಮಿನ ನಕಲು ಅದೇ ಹೆಸರಿನಲ್ಲಿ ಅಂಗಡಿಗೆ ಬರುತ್ತದೆ. 2020ರಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೂ ರದ್ದು ಮಾಡಿದರು. ನೇಕಾರರ ದೂರು ಹೇಳಲು ಇದ್ದ ಒಂದು ಕಟ್ಟೆಯೂ ಹೋಯಿತು.

ಇಳಕಲ್ ಸೀರೆಯ ವಿಶೇಷ ಇರುವುದು ಕೊಂಡಿಯಲ್ಲಿ. ಒಡಲಿನ ಹತ್ತಿ ಎಳೆಗೂ ಸೆರಗಿನ ರೇಷ್ಮೆ ಎಳೆಗೂ ಕುಣಿಕೆ ಹಾಕಿ ಒಂದೊಂದೇ ಎಳೆ ಕೂಡಿಸುತ್ತಾರೆ. ಈ ಕೆಲಸ ನಡೆಯುವುದು ಹಾಸು ಸಿದ್ಧ ಮಾಡುವಾಗ, ಒಂದು ಎಳೆ ಹೊಕ್ಕು ಹಾಕುವ ಮೊದಲು. ಸೀರೆ ನೇಯ್ದಾದ ಮೇಲೆ ಸೆರಗು ಹೊಲಿಯಲು ಬರುವುದಿಲ್ಲ. ಹೊಲಿದರೆ ಅದು ಇಳಕಲ್ ಸೀರೆಯಲ್ಲ. ಸಂಪತ್ತು ಮೊದಲು, ಹಕ್ಕು ಆಮೇಲೆ ಎನ್ನುವವರ ಮಾತು ಕೇಳಿದಾಗಲೆಲ್ಲ ನನಗೆ ಈ ಕೊಂಡಿ ನೆನಪಾಗುತ್ತದೆ. ದಕ್ಷಿಣ ಕೊರಿಯಾದ ಉದಾಹರಣೆ ಕೊಡುವವರು 1987ರಲ್ಲಿ ಅಲ್ಲಿಯ ವಿದ್ಯಾರ್ಥಿಗಳೂ ಕಾರ್ಮಿಕರೂ ಬೀದಿಗಿಳಿದು ಹಕ್ಕು ಪಡೆದದ್ದನ್ನು, ಆ ದೇಶ ಅದರ ನಂತರವೂ ಬೆಳೆಯುತ್ತಲೇ ಹೋದದ್ದನ್ನು ಮರೆಯುತ್ತಾರೆ.

ಇಳಕಲ್ಲಿನ ಕೆಂಪು ಗ್ರಾನೈಟ್ ಜಗತ್ತಿನ ಕಟ್ಟಡಗಳಿಗೆ ಹೋಗುತ್ತದೆ. ಕಲ್ಲಿನ ಧೂಳು ಮಾತ್ರ ಕೊರೆಯುವವನ ಪುಪ್ಪುಸದಲ್ಲಿ ಉಳಿಯುತ್ತದೆ. ಕಲ್ಲಿಗೆ ರಾಜಧನದ ಲೆಕ್ಕವಿದೆ, ಉಸಿರಿಗೆ ಇಲ್ಲ. ಬಾದಾಮಿ, ಐಹೊಳೆಗಳಲ್ಲಿ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿಗೆ ಅನುಮತಿ ಬೇಕು. ಶಿಲ್ಪ ಉಳಿಯಬೇಕು, ಒಪ್ಪುತ್ತೇನೆ. ಅದರ ನೆರಳಿನಲ್ಲಿ ತಲೆಮಾರುಗಳಿಂದ ಬಾಳಿದವರಿಗೆ ಹೊಸ ಊರು ಕಟ್ಟಿಕೊಡುವ ಮಾತು ದಶಕಗಳಿಂದ ಎಳೆದಾಡುವುದನ್ನು ಒಪ್ಪಲಾರೆ.

ದೇವದಾಸಿ ಪದ್ಧತಿಯನ್ನು ಆರ್ಥಿಕತೆಯ ಲೇಖನದಲ್ಲಿ ಏಕೆ ತರಬೇಕು ಎಂದು ಕೆಲವರು ಕೇಳಬಹುದು. ಬಡತನವೇ ಅದರ ಬೇರು, ಬಡತನವೇ ಅದರ ಫಲ. 1982ರ ನಿಷೇಧ ಕಾಯ್ದೆಯ ನಂತರ ನಡೆದ ಎರಡು ಸಮೀಕ್ಷೆಗಳು ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರನ್ನು ಗುರುತಿಸಿದವು. ಬಾಗಲಕೋಟೆ ಆ ಜಿಲ್ಲೆಗಳಲ್ಲಿ ಒಂದು, ಹೆಚ್ಚಿನವರು ದಲಿತ ಹೆಣ್ಣುಮಕ್ಕಳು. ಅವರ ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಸಾಲಿಗೆ ಬಂದು ನಿಂತುಬಿಡುತ್ತಿದ್ದರು. 2025ರ ಆಗಸ್ಟಿನಲ್ಲಿ ವಿಧಾನಮಂಡಲ ಒಪ್ಪಿದ ಹೊಸ ವಿಧೇಯಕ ಆ ಹೆಸರು ಬರೆಯಲೇಬೇಕೆಂಬ ಕಟ್ಟನ್ನು ಬಿಡಿಸಿತು. ಫಾರಂನಲ್ಲಿ ಒಂದು ಸಾಲು ಸಡಿಲವಾದರೆ ಒಬ್ಬ ಹುಡುಗಿಗೆ ವಿದ್ಯಾರ್ಥಿವೇತನ, ಹಾಸ್ಟೆಲ್, ನೌಕರಿ. ಹಕ್ಕಿನಿಂದ ಆದಾಯ ಹುಟ್ಟುವ ದಾರಿ ಇಷ್ಟು ಹತ್ತಿರದ್ದೂ ಆಗಿರಬಹುದು.

ಇನ್ನುಳಿದದ್ದು ಗುಳೆ. ಸುಗ್ಗಿ ಮುಗಿಯುತ್ತಲೇ ಬಾದಾಮಿ, ಹುನಗುಂದದ ತಾಂಡಾಗಳಿಂದ, ಕೇರಿಗಳಿಂದ ಜನ ಗಂಟು ಕಟ್ಟಿಕೊಂಡು ಗೋವಾ, ಮಂಗಳೂರು, ಉಡುಪಿ, ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಗೋವಾದ ರಸ್ತೆ, ಬಂದರು, ಹೋಟೆಲುಗಳಲ್ಲಿ ಉತ್ತರ ಕರ್ನಾಟಕದ ಬೆವರು ಬೆರೆತಿದೆ. ವಾಸ್ಕೋದ ಬೈನಾದಲ್ಲಿ ದಶಕಗಳ ಕಾಲ ಬಾಳಿದ ಕನ್ನಡಿಗರ ಮನೆಗಳನ್ನು 2004ರಲ್ಲಿ ಕೆಡವಿದರು, ಉಳಿದವನ್ನು 2017ರಲ್ಲಿ. ಬದುಕುವ ಹಕ್ಕಿನೊಳಗೆ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಮುಂಬೈಯ ಪಾದಚಾರಿ ಮಾರ್ಗದ ನಿವಾಸಿಗಳ ಪ್ರಕರಣದಲ್ಲಿ ಹೇಳಿತ್ತು. ಜೆಸಿಬಿಯ ಮುಂದೆ ನಿಂತ ತಾಯಿಯ ಕೈಯಲ್ಲಿ ಆ ತೀರ್ಪಿನ ಪ್ರತಿ ಇರಲಿಲ್ಲ.

ಈಗ ಮತ್ತೆ ಹಿನ್ನೀರಿನ ದಂಡೆಗೆ. ನೀರಿನ ಮಟ್ಟ ಏರಿದರೆ ಸುಮಾರು 20 ಹಳ್ಳಿಗಳು, ಬಾಗಲಕೋಟೆ ಪಟ್ಟಣದ ಉಳಿದ ಕೆಲವು ವಾರ್ಡುಗಳು, 75,563 ಎಕರೆ ಜಮೀನು ಮುಳುಗಡೆಗೆ ಸೇರುತ್ತವೆ. ಹಳೆಯ ಕಾಯ್ದೆ ಹೋಗಿ 2013ರ ಕಾಯ್ದೆ ಬಂದಿದೆ. ಯೋಜನೆಗೆ ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನ, ಊರಿನಲ್ಲೇ ಅಹವಾಲು ಸಭೆ ನಡೆಯಬೇಕೆಂದು ಅದು ಹೇಳಿತ್ತು. 2019ರಲ್ಲಿ ರಾಜ್ಯ ತಂದ ತಿದ್ದುಪಡಿ ನೀರಾವರಿಯಂಥ ಕೆಲವು ಯೋಜನೆಗಳಿಗೆ ಅದರಿಂದ ವಿನಾಯಿತಿ ಕೊಡಲು ಬಾಗಿಲು ತೆರೆಯಿತು. ಇದು ತಪ್ಪು ಎಂದು ನಾನು ಭಾವಿಸುತ್ತೇನೆ. ನೀರಾವರಿಯಲ್ಲೇ ಅಲ್ಲವೇ ನಾವು ಹೆಚ್ಚು ಊರು ಕಳೆದುಕೊಂಡದ್ದು?

ಅದೇ ಕಾಯ್ದೆಯ ಇನ್ನೊಂದು ಕಲಂ ಇನ್ನೂ ಜೀವಂತವಾಗಿದೆ. ಸ್ವಂತ ಜಮೀನಿಲ್ಲದಿದ್ದರೂ ಸ್ವಾಧೀನಕ್ಕೆ ಮೊದಲು ಮೂರು ವರ್ಷ ಅಲ್ಲಿ ದುಡಿದ ಕೃಷಿ ಕೂಲಿ, ಗೇಣಿದಾರ, ಕುಶಲಕರ್ಮಿಯ ಕುಟುಂಬವನ್ನೂ ಸಂತ್ರಸ್ತ ಕುಟುಂಬವೆಂದು ಎಣಿಸಬೇಕು. 40 ಲಕ್ಷ, 30 ಲಕ್ಷದ ದರ ಇರುವುದು ಎಕರೆಗೆ. ಎಕರೆಯೇ ಇಲ್ಲದವರು ಆಶ್ರಯಿಸಬಹುದಾದ ಸಾಲು ಇದೊಂದೇ. ಪಹಣಿಯಲ್ಲಿ ಹೆಸರಿಲ್ಲದವರನ್ನು ಕಾಗದದಲ್ಲಿ ಹುಡುಕಿದರೆ ಸಿಗುವುದಿಲ್ಲ, ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳಬೇಕು. ಗುಳೆ ಹೋದವರು ಮುಂಗಾರು ಬಿತ್ತನೆಗೆ, ಊರ ಜಾತ್ರೆಗೆ, ಹೋಳಿಗೆ ಮರಳುತ್ತಾರೆ. ಎಣಿಕೆಯವರು ಆ ದಿನಗಳಲ್ಲಿ ಬರಬೇಕು. ಬಿರುಬೇಸಗೆಯಲ್ಲಿ ಬಂದರೆ ಅವರಿಗೆ ಸಿಗುವುದು ಕೀಲಿ ಹಾಕಿದ ಬಾಗಿಲು.